‘ಮಾಂಕ್’ ಮುಗಿಯಿತು, ಗ್ಯಾಸ್ ಆಫ್ ಆಯ್ತಾ?

ಇಷ್ಟಪಟ್ಟು ನೋಡುತ್ತಿದ್ದ ಧಾರಾವಾಹಿ ಮುಗಿದ ಮರುದಿನ ಮನೆಯಲ್ಲಿ ಒಂಥರಾ ಬಿಕೋ ಅನ್ನುತ್ತದೆ, ಗಮನಿಸಿದ್ದೀರಾ? ಅಡುಗೆಮನೆ ಕೆಲಸ ಬೇಗ ಬೇಗ ಮುಗಿಸಿ ಬಂದು ಕೂತರೆ ನೋಡಲು ಏನೂ ಇಲ್ಲ! ಹಿಂದಿನ ರಾತ್ರಿ ನೋಡಿದ ಕೊನೆಯ ಕಂತಿನದ್ದೇ ಮಾತು. ‘ಹಾಗೆ ಮುಗಿಸಬಾರದಿತ್ತು’ ಅಂತ ಒಬ್ಬರು, ‘ಸರಿಯಾಗೇ ಇತ್ತಲ್ಲ’ ಅಂತ ಇನ್ನೊಬ್ಬರು.

ಉದ್ಯಾವರದ ಗೃಹಿಣಿಯೊಬ್ಬರ ಮನೆಯಲ್ಲೂ ಇದೇ ಆಗಿದೆ. ‘ಮಾಂಕ್’ ಎಂಬ ಇಂಗ್ಲಿಷ್ ಪತ್ತೇದಾರಿ ಧಾರಾವಾಹಿಯ ಎಂಟು ಸೀಸನ್‌ಗಳನ್ನು, ಅಂದರೆ ಒಟ್ಟು 125 ಕಂತುಗಳನ್ನು, ಮಳೆಗಾಲವಿಡೀ ಮನೆಮಂದಿಯೆಲ್ಲ ಕೂತು ನೋಡಿದ್ದಾರೆ. ಮಗಳು ಕನ್ನಡದಲ್ಲಿ ಕಥೆ ಹೇಳುವುದು, ಅತ್ತೆ ‘ಮುಂದೆ ಎಂತ ಆಯ್ತು ಮಾರಾಯ್ತಿ’ ಅಂತ ಕೇಳುವುದು. ಅತ್ತೆಗೆ ಪತ್ತೇದಾರಿ ಹೊಸತಲ್ಲ. ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನನ್ನು ಓದಿ ಬೆಳೆದವರು, 1985ರಲ್ಲಿ ದೂರದರ್ಶನದಲ್ಲಿ ಬಂದ ‘ಕರಮ್‌ಚಂದ್’ ನೋಡಿದವರು. ಕ್ಯಾರೆಟ್ ಕಚ್ಚುತ್ತಾ ಕಿಟ್ಟಿಯನ್ನು ಸುಮ್ಮನಿರಿಸುತ್ತಿದ್ದ ಪಂಕಜ್ ಕಪೂರ್ ನಿಮಗೂ ನೆನಪಿರಬಹುದು. ಆದರೆ ಅಲ್ಲಿ ಕೊಲೆಗಾರ ಸಿಕ್ಕಿದರೆ ಅವತ್ತಿನ ಕಥೆ ಮುಗಿಯುತ್ತಿತ್ತು, ಅಳುವ ಪ್ರಸಂಗ ಇರಲಿಲ್ಲ.

ಮಾಂಕ್ ಹಾಗಲ್ಲ. ಸ್ಯಾನ್‌ಫ್ರಾನ್ಸಿಸ್ಕೋದ ಈ ಪತ್ತೇದಾರನ ಹೆಂಡತಿ ಟ್ರೂಡಿ 1997ರಲ್ಲಿ ಕಾರ್‌ಬಾಂಬಿಗೆ ಬಲಿಯಾಗಿದ್ದಾಳೆ. ಬೇರೆಯವರ ಕೊಲೆಗಳನ್ನು ಚಿಟಿಕೆ ಹೊಡೆದಂತೆ ಬಿಡಿಸುವ ಗಂಡನಿಗೆ ಅದೊಂದು ಮಾತ್ರ ಬಿಡಿಸಲಾಗುವುದಿಲ್ಲ. ಜೊತೆಗೆ ಗೀಳು ಕಾಯಿಲೆ. ಯಾರಿಗಾದರೂ ಕೈಕುಲುಕಿದರೆ ತಕ್ಷಣ ಒರೆಸಿಕೊಳ್ಳಬೇಕು, ಎಲ್ಲವೂ ಸಾಲಾಗಿ ಇರಬೇಕು, ಕೀಟಾಣು ಭಯ, ಎತ್ತರದ ಭಯ, ಹಾಲು ಕಂಡರೂ ಭಯ! ಟೋನಿ ಶಲೂಬ್ ಈ ಪಾತ್ರಕ್ಕೆ ಮೂರು ಸಲ ಎಮ್ಮಿ ಪ್ರಶಸ್ತಿ ಪಡೆದರು. 2002ರ ಜುಲೈಯಲ್ಲಿ ಶುರುವಾದದ್ದು 2009ರ ಡಿಸೆಂಬರ್ 4ರಂದು ಮುಗಿಯಿತು. ಅಮೆರಿಕದಲ್ಲಿ ಆ ರಾತ್ರಿ ನೋಡಿದವರು ಸುಮಾರು 94 ಲಕ್ಷ ಮಂದಿ. ಬೇಸಿಕ್ ಕೇಬಲ್ ಟಿವಿಯ ಡ್ರಾಮಾ ಧಾರಾವಾಹಿಗಳ ಮಟ್ಟಿಗೆ ಅಂದಿಗೆ ಅದೊಂದು ದಾಖಲೆ.

(ಕೊನೆ ಈಗಲೇ ಗೊತ್ತಾಗಬಾರದು ಅನ್ನುವವರು ಮುಂದಿನ ಎರಡು ಪ್ಯಾರಾ ಬಿಟ್ಟು ಓದಿ.)

ಟ್ರೂಡಿ ಸಾಯುವ ಮೊದಲು ಕ್ರಿಸ್‌ಮಸ್‌ಗೆಂದು ತಂದಿಟ್ಟ ಉಡುಗೊರೆಯನ್ನು ಮಾಂಕ್ ಹನ್ನೆರಡು ವರ್ಷ ಬಿಚ್ಚದೇ ಇಟ್ಟುಕೊಂಡಿರುತ್ತಾನೆ. ಯಾರೋ ವಿಷ ಉಣಿಸಿ, ಇನ್ನು ಬದುಕುವುದಿಲ್ಲ ಎಂದಾಗ ಬಿಚ್ಚುತ್ತಾನೆ. ಒಳಗೊಂದು ವಿಡಿಯೋ ಟೇಪು. ಮದುವೆಗೆ ಮುಂಚೆ ತನಗೊಂದು ಸಂಬಂಧವಿತ್ತು, ಒಂದು ಮಗುವೂ ಆಗಿ ತೀರಿಹೋಯಿತು ಅಂತ ಟ್ರೂಡಿ ಅದರಲ್ಲಿ ಹೇಳುತ್ತಾಳೆ. ಆ ಮನುಷ್ಯ ಈಗ ನ್ಯಾಯಾಧೀಶ, ಅವನೇ ಕೊಲೆಗಾರ. ಸತ್ತಿತೆಂದುಕೊಂಡ ಮಗು ಬದುಕಿದೆ, ಮಾಲಿ ಎಂಬ ತರುಣಿಯಾಗಿದೆ.

ಉದ್ಯಾವರದ ಮನೆಯಲ್ಲಿ ಇದಕ್ಕೆ ನಾಲ್ಕು ಅಭಿಪ್ರಾಯ. ಮಗಳಿಗೆ ಮಾಲಿ ಸಿಕ್ಕಿದ್ದೇ ಖುಷಿ. ಗಂಡನಿಗೆ ಬೇಸರ: ‘ಆ ನ್ಯಾಯಾಧೀಶ ಬಂದ ಕೂಡಲೇ ನನಗೆ ಗೊತ್ತಾಯ್ತು’. ಅತ್ತೆಗೆ ಸಿಟ್ಟು. ‘ಅಷ್ಟು ವರ್ಷ ಅವಳಿಗಾಗಿ ಅತ್ತನಲ್ಲ, ಅವಳು ಬದುಕಿದ್ದಾಗಲೇ ಒಂದು ಮಾತು ಹೇಳಬಾರದಿತ್ತಾ?’ ಈ ಪ್ರಶ್ನೆ ಸಣ್ಣದೇನಲ್ಲ. ಆದರೆ ಹೇಳಿದರೆ ಗಂಡ ಏನೆಂದುಕೊಂಡಾನೋ ಅಂತ ಮನಸ್ಸಿನೊಳಗೇ ಇಟ್ಟುಕೊಳ್ಳುವ ಹೆಂಗಸರು ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ ಮಾತ್ರ ಇಲ್ಲ ಅಂತ ಅತ್ತೆಗೂ ಗೊತ್ತಿರಬಹುದು. ನಾಲ್ಕನೆಯ ಅಭಿಪ್ರಾಯ ಪತ್ರ ಬರೆದವರದ್ದು. ಅವರು ಕೊಲೆಗಾರನ ಬಗ್ಗೆ ಏನೂ ಬರೆದಿಲ್ಲ. ‘ಕೇಸು ಮುಗಿದ ಮೇಲಾದರೂ ಅವನಿಗೆ ಗುಣ ಆಗುತ್ತದೆ ಅಂದುಕೊಂಡಿದ್ದೆ. ಸ್ವಲ್ಪ ಹಗುರಾದ, ಅಷ್ಟೇ. ನನಗೆ ರಾತ್ರಿಯಿಡೀ ನಿದ್ದೆ ಬರಲಿಲ್ಲ.’

ಯಾಕೆಂದು ಮುಂದಿನ ಸಾಲಿನಲ್ಲಿದೆ. ಮಲಗುವ ಮುಂಚೆ ಗ್ಯಾಸಿನ ರೆಗ್ಯುಲೇಟರನ್ನು ಅವರು ಐದಾರು ಸಲ ನೋಡುತ್ತಾರೆ. ಉಡುಪಿಗೆಂದು ಬಸ್ಸು ಹತ್ತಿ, ಬಲಾಯಿಪಾದೆಯಲ್ಲಿ ಇಳಿದು ವಾಪಸ್ ಬಂದದ್ದೂ ಇದೆಯಂತೆ. ಮನೆಯಲ್ಲಿ ಈಗ ಅವರ ಹೆಸರೇ ‘ನಮ್ಮ ಮಾಂಕ್’! ಎಲ್ಲರೂ ನಗುತ್ತಾರೆ, ಅವರೂ ನಗುತ್ತಾರೆ.

ಈ ನಗು ಇದೆಯಲ್ಲ, ಅದನ್ನು ಸ್ವಲ್ಪ ನಿಲ್ಲಿಸಿ ನೋಡಬೇಕು. ಗ್ಯಾಸ್ ಒಂದೆರಡು ಸಲ ನೋಡುವುದು ಕಾಯಿಲೆ ಅಲ್ಲ, ಜಾಗ್ರತೆ. ಮಡಿ ಮಾಡುವುದೂ ಕಾಯಿಲೆ ಅಲ್ಲ. ಮಡಿಗೆ ಒಂದು ಹೊತ್ತಿದೆ, ಕ್ರಮವಿದೆ, ಮುಗಿದರೆ ಮನಸ್ಸಿಗೆ ಸಮಾಧಾನವಿದೆ. ಗೀಳಿನಲ್ಲಿ ಅದು ಇಲ್ಲ. ನಾಬ್ ಮುಚ್ಚಿದೆ ಅಂತ ಕಣ್ಣಿಗೆ ಕಾಣುತ್ತದೆ, ಆದರೂ ಒಳಗಿನಿಂದ ‘ಸರಿಯಾಗಿ ನೋಡಿದೆಯಾ?’ ಅನ್ನುವ ಪ್ರಶ್ನೆ ಬಿಡುವುದಿಲ್ಲ. ಇದು ಅತಿಯಾಯಿತು ಅಂತ ಅವರಿಗೇ ಗೊತ್ತಿರುತ್ತದೆ, ನಿಲ್ಲಿಸಲು ಆಗುವುದಿಲ್ಲ. ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಹೊತ್ತು ಇದಕ್ಕೇ ಹೋಗುತ್ತಿದ್ದರೆ, ಅಥವಾ ಬಸ್ಸಿನಿಂದ ಇಳಿಯುವಷ್ಟು ದಿನಚರಿಗೆ ತೊಂದರೆ ಕೊಡುತ್ತಿದ್ದರೆ, ವೈದ್ಯರ ಬಳಿ ಹೋಗುವ ವಿಷಯವೇ. ನಮ್ಮ ಕಡೆ ‘ಅವಳು ಭಾರೀ ಕ್ಲೀನ್’, ‘ಅವಳದ್ದು ಸ್ವಲ್ಪ ಮಡಿ ಜಾಸ್ತಿ’ ಎಂಬ ಹೊಗಳಿಕೆಯಲ್ಲೇ ಎಷ್ಟೋ ಹೆಂಗಸರ ಹತ್ತಾರು ವರ್ಷ ಕಳೆದುಹೋಗಿರುತ್ತದೆ. ಸೋಪಿನ ನೀರಲ್ಲಿ ಕೈ ಬಿರುಕು ಬಿಟ್ಟರೂ ಯಾರೂ ಕೇಳುವುದಿಲ್ಲ.

ಇನ್ನು ಮನೆಯವರು. ಮಾಂಕ್‌ನ ಜೊತೆಗಿರುವ ಶರೋನಾ, ಆಮೇಲೆ ಬರುವ ನಟಾಲಿ, ಇಬ್ಬರೂ ಅವನು ಕೈ ಚಾಚಿದ ಕೂಡಲೇ ಒರೆಸುವ ಒದ್ದೆ ಕಾಗದ ಕೊಡುತ್ತಾರೆ. ನೋಡಲು ಎಷ್ಟು ಪ್ರೀತಿ! ಆದರೆ ಕೊಟ್ಟಷ್ಟೂ ಗೀಳಿಗೆ ಬಲ ಬರುತ್ತದೆ. ಕೊನೆಯ ಕಂತಿನಲ್ಲಿ ಅವನಿಗೆ ವಿಷ ಬಂದದ್ದೂ ಅದೇ ಕಾಗದದಿಂದ. ಬರೆದವರು ಬೇಕೆಂದೇ ಹಾಗೆ ಮಾಡಿದರೋ ಏನೋ, ನನಗಂತೂ ಇಡೀ ಧಾರಾವಾಹಿಯಲ್ಲಿ ಅದೇ ಜಾಣ ತಿರುವು ಅನ್ನಿಸಿತು. ನಮ್ಮ ಮನೆಗಳಲ್ಲಿ ಒದ್ದೆ ಕಾಗದದ ಬದಲು ‘ಹ್ಞೂಂ, ಆಫ್ ಇದೆ, ನಾನೇ ನೋಡಿದೆ’ ಅನ್ನುವ ಮಾತು. ಹತ್ತು ಸಲ ಕೇಳಿದರೆ ಹತ್ತು ಸಲ ಹೇಳುತ್ತೇವೆ. ಹನ್ನೊಂದನೆಯ ಸಲ ಕೇಳದೆ ಇರಲು ಅವರಿಗೆ ಆಗುವುದಿಲ್ಲ. ಹಾಗಂತ ಇವತ್ತಿನಿಂದಲೇ ‘ನಾನು ಹೇಳೂದಿಲ್ಲ’ ಅಂತ ಮುಖ ತಿರುಗಿಸಬೇಡಿ. ಎಷ್ಟು ಹೇಳಬೇಕು, ಎಲ್ಲಿ ನಿಲ್ಲಿಸಬೇಕು ಅಂತ ಚಿಕಿತ್ಸೆ ಕೊಡುವವರನ್ನೇ ಕೇಳಿ, ಅವರೂ ನೀವೂ ಒಪ್ಪಿ, ಸ್ವಲ್ಪ ಸ್ವಲ್ಪವೇ ಕಡಿಮೆ ಮಾಡಬೇಕು.

ಚಿಕಿತ್ಸೆ ಇದೆಯಾ? ಖಂಡಿತ ಇದೆ, ಧಾರಾವಾಹಿ ತೋರಿಸಿದ್ದಕ್ಕಿಂತ ಚೆನ್ನಾಗಿಯೇ ಇದೆ. ಎಂಟು ವರ್ಷ ಮನೋವೈದ್ಯರ ಎದುರು ಕೂತರೂ ಮಾಂಕ್ ಹೆಚ್ಚುಕಮ್ಮಿ ಹಾಗೇ ಇದ್ದ, ಗುಣವಾದರೆ ಕಥೆ ಮುಂದುವರಿಯುವುದು ಹೇಗೆ! ನಿಜ ಜೀವನದಲ್ಲಿ ಎರಡು ದಾರಿ. ಒಂದು ಮಾತ್ರೆ, ಇದರ ಪರಿಣಾಮ ಕಾಣಲು ಎಂಟರಿಂದ ಹನ್ನೆರಡು ವಾರ ಬೇಕಾಗಬಹುದು. ಹದಿನೈದು ದಿನಕ್ಕೇ ‘ಏನೂ ಆಗಲಿಲ್ಲ’ ಅಂತ ಬಿಡಬಾರದು. ಇನ್ನೊಂದು ಅಭ್ಯಾಸದ ಚಿಕಿತ್ಸೆ. ಗ್ಯಾಸ್ ಒಂದೇ ಸಲ ನೋಡಿ ಹೊರಗೆ ಬರುವುದು, ಎದೆ ಹೊಡೆದುಕೊಂಡರೂ ವಾಪಸ್ ಹೋಗದೆ ಕಾಯುವುದು. ಹೀಗೆ ಹಂತಹಂತವಾಗಿ ಹೇಳಿಕೊಟ್ಟು ಮಾಡಿಸುತ್ತಾರೆ. ಕಾದಷ್ಟೂ ಆ ಭಯ ತಾನಾಗಿ ಇಳಿಯುತ್ತದೆ ಅಂತ ಮನಸ್ಸು ಕಲಿಯುತ್ತದೆ. ಬಹಳ ಮಂದಿಗೆ ಒಳ್ಳೆಯ ಸುಧಾರಣೆ ಆಗುತ್ತದೆ.

ಉದ್ಯಾವರದವರಿಗೆ ದೂರವೇನೂ ಇಲ್ಲ. ಮಣಿಪಾಲದ ಕಸ್ತೂರ್ಬಾ ಆಸ್ಪತ್ರೆಯಲ್ಲಿ ಮನೋವೈದ್ಯ ವಿಭಾಗವಿದೆ, ಉಡುಪಿ ದೊಡ್ಡಣಗುಡ್ಡೆಯಲ್ಲಿ ಡಾ. ಎ.ವಿ. ಬಾಳಿಗಾ ಸ್ಮಾರಕ ಆಸ್ಪತ್ರೆಯಿದೆ. ಹೋಗಲು ಮುಜುಗರವಾದರೆ 2022ರ ಅಕ್ಟೋಬರಿನಲ್ಲಿ ಶುರುವಾದ ಟೆಲಿಮಾನಸ್‌ಗೆ, 14416 ಸಂಖ್ಯೆಗೆ, ಫೋನ್ ಮಾಡಿ. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.

2023ರ ಡಿಸೆಂಬರಿನಲ್ಲಿ ಮಾಂಕ್ ಸಿನಿಮಾ ಆಗಿ ಮತ್ತೆ ಬಂತು. ಅದರಲ್ಲಿ ಅವನು ಕೊರೊನಾ ಕಾಲದ ನಂತರ ಮತ್ತೆ ಕುಸಿದಿದ್ದಾನೆ, ಬದುಕೇ ಬೇಡ ಅನ್ನುವವರೆಗೆ ಹೋಗಿದ್ದಾನೆ. ಕೊನೆಯ ಕಂತಿನ ಸಂತೋಷ ಇಷ್ಟಪಟ್ಟವರಿಗೆ ಇದು ರುಚಿಸದೇ ಹೋಗಬಹುದು. ಉದ್ಯಾವರದ ಮನೆಯಲ್ಲಿ ಅದನ್ನು ಈಗಲೇ ಹಾಕಬೇಡಿ ಅಂತ ನನ್ನ ಸಲಹೆ. ಮೊದಲು ಒಂದು ವಾರ, ಗ್ಯಾಸ್ ಎಷ್ಟು ಸಲ ನೋಡಿದಿರಿ, ಎಷ್ಟು ಹೊತ್ತು ಹೋಯ್ತು ಅಂತ ಕ್ಯಾಲೆಂಡರಿನ ಮೂಲೆಯಲ್ಲಿ ಬರೆದಿಡಿ. ಆ ಹಾಳೆ ಹರಿದುಕೊಂಡು ವೈದ್ಯರ ಬಳಿ ಹೋಗಿ, ‘ನಮ್ಮ ಮಾಂಕ್’ ಅಂತ ಹೆಸರಿಟ್ಟ ಗಂಡನನ್ನೂ ಜೊತೆಗೆ ಕರ್ಕೊಂಡು ಹೋಗಿ.