ನಿಂತು ದುಡಿಯುವ ಕಾಲಿನ ಕೆಳಗೆ

ಮನೆಯ ಗ್ಯಾರೇಜಿನಲ್ಲೋ ಹಿತ್ತಲ ಶೆಡ್ಡಿನಲ್ಲೋ ಇಡೀ ಭಾನುವಾರ ಮರಗೆಲಸ ಮಾಡಿದವರಿಗೆ ಸಂಜೆ ಮೊದಲು ನೋಯುವುದು ಕೈಯಲ್ಲ; ಹಿಮ್ಮಡಿ, ಮೀನಖಂಡ, ಆಮೇಲೆ ಸೊಂಟ. ದೂರು ಹೋಗುವುದು ಸಿಮೆಂಟು ನೆಲದ ಮೇಲೆ. ನೆಲ ಗಟ್ಟಿ ಎಂಬುದು ನಿಜ, ಆದರೆ ಅದೇ ನೆಲದ ಮೇಲೆ ಅಷ್ಟೇ ಹೊತ್ತು ಓಡಾಡಿಕೊಂಡಿದ್ದರೆ ಇಷ್ಟು ನೋವು ಬರುತ್ತಿರಲಿಲ್ಲ. ನಡೆಯುವಾಗ ಮೀನಖಂಡದ ಸ್ನಾಯು ಹೆಜ್ಜೆಹೆಜ್ಜೆಗೂ ಬಿಗಿದು ಸಡಿಲವಾಗುತ್ತದೆ. ಬಿಗಿದಾಗಲೆಲ್ಲ ಒಳಗಿನ ಅಭಿಧಮನಿಗಳನ್ನು ಹಿಂಡಿ ರಕ್ತವನ್ನು ಮೇಲಕ್ಕೆ ತಳ್ಳುತ್ತದೆ. ಏರಿದ ರಕ್ತ ಮತ್ತೆ ಇಳಿಯದಂತೆ ಆ ನಾಳಗಳೊಳಗಿನ ಕವಾಟಗಳು ತಡೆಯುತ್ತವೆ. ಒಂದೇ ಕಡೆ ಅಲುಗಾಡದೆ ನಿಂತರೆ ಈ ಪಂಪು ಹೆಚ್ಚುಕಡಿಮೆ ಕೆಲಸ ನಿಲ್ಲಿಸುತ್ತದೆ. ಸ್ನಾಯು ಬಿಗಿದೇ ಇರುತ್ತದೆ, ತನಗೆ ಬೇಕಾದ ರಕ್ತವನ್ನು ತಾನೇ ತಡೆದುಕೊಳ್ಳುತ್ತದೆ. ಪಾದದಲ್ಲಿ ನೀರು ಸೇರಿ ಬೆಳಗ್ಗೆ ಸರಿಯಿದ್ದ ಚಪ್ಪಲಿ ಸಂಜೆಗೆ ಬಿಗಿಯಾಗುತ್ತದೆ. ವರ್ಷಗಟ್ಟಲೆ ಹೀಗೆ ನಿಲ್ಲುವವರಲ್ಲಿ ಕಾಲಿನ ನಾಳ ಉಬ್ಬಿ ಗಂಟುಗಂಟಾಗುವುದೂ ಉಂಟು.

ದಣಿವು ತಗ್ಗಿಸುವ ಮ್ಯಾಟ್ ಎಂದು ಅಂಗಡಿಯಲ್ಲಿ ಮಾರುವ ವಸ್ತುವನ್ನು ಈ ಕಣ್ಣಿನಿಂದ ನೋಡಬೇಕು. ಅದು ಕಾಲಿಗೆ ಹಾಕುವ ಹಾಸಿಗೆಯಲ್ಲ. ಮೈಭಾರಕ್ಕೆ ಸ್ವಲ್ಪವೇ ಬಗ್ಗಿ, ತಕ್ಷಣ ಹಿಂದಕ್ಕೆ ಚಿಮ್ಮಿ, ನಿಂತವರ ಕಾಲು ಅರಿವಿಲ್ಲದೆಯೇ ಭಾರವನ್ನು ಆಚೀಚೆ ಬದಲಿಸುವಂತೆ ಮಾಡುವುದು ಅದರ ಕೆಲಸ. ಚಿಮ್ಮುವ ಗುಣವಿಲ್ಲದ ಮೆತ್ತೆಯಿಂದ ಪ್ರಯೋಜನ ಕಡಿಮೆ. ತೀರಾ ಮೆತ್ತಗಿದ್ದರೆ ಹಾನಿಯೇ. ಪಾದ ಹೂತುಹೋದಾಗ ಸಮತೋಲ ಕಾಯಲು ಕಣಕಾಲಿನ ಸ್ನಾಯುಗಳು ಪೂರ್ತಿ ಹೊತ್ತು ಹೆಣಗಬೇಕಾಗುತ್ತದೆ.

ಅಮೆರಿಕದ ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದ ಛಾಮ್ ಮತ್ತು ರೆಡ್‌ಫರ್ನ್ 2001ರಲ್ಲಿ ಪ್ರಕಟಿಸಿದ ಪ್ರಯೋಗ ಇಲ್ಲಿ ತುಂಬ ಉಪಯುಕ್ತ. ಬೇರೆ ಬೇರೆ ಬಗೆಯ ನೆಲಗಳ ಮೇಲೆ ಜನರನ್ನು ತಲಾ 4 ಗಂಟೆ ನಿಲ್ಲಿಸಿ, ಅವರು ಹೇಳಿದ ನೋವನ್ನೂ ಕಾಲಿನ ಚರ್ಮದ ಉಷ್ಣತೆಯಂಥ ಅಳತೆಗಳನ್ನೂ ಗುರುತಿಸಿದರು. ಎರಡು ಸಂಗತಿ ಹೊರಬಿದ್ದವು. ನೆಲ ನೆಲಗಳ ನಡುವಿನ ವ್ಯತ್ಯಾಸ ಸ್ಪಷ್ಟವಾಗಿ ಕಂಡದ್ದು ಮೂರನೆಯ, ನಾಲ್ಕನೆಯ ಗಂಟೆಯಲ್ಲಿ. ಮತ್ತೆ, ಕಡಿಮೆ ದಣಿವು ಕೊಟ್ಟದ್ದು ಹೆಚ್ಚು ಚಿಮ್ಮುವ, ಕೊಂಚ ಬಿಗಿಯಾದ ಹಾಸುಗಳು. ಒತ್ತಿದ ಶಕ್ತಿಯನ್ನೆಲ್ಲ ನುಂಗಿಬಿಡುವಂಥವಲ್ಲ.

ಕೊಳ್ಳುವವರಿಗೆ ಇದರಲ್ಲಿ ದೊಡ್ಡ ಎಚ್ಚರಿಕೆಯಿದೆ. ಅಂಗಡಿಯಲ್ಲಿ ಹಾಸಿನ ಮೇಲೆ ಒಂದು ನಿಮಿಷ ನಿಂತು ನೋಡುತ್ತೇವೆ. ಆ ಒಂದು ನಿಮಿಷದಲ್ಲಿ ಗೆಲ್ಲುವುದು ಯಾವಾಗಲೂ ಅತಿ ಮೆತ್ತನೆಯದೇ. ಮೂರನೆಯ ಗಂಟೆಯಲ್ಲಿ ಕೈಕೊಡುವುದೂ ಅದೇ. ಆದ್ದರಿಂದ ಹಿತವಾಗಿದೆಯೇ ಎಂದು ಕೇಳಿಕೊಳ್ಳುವುದನ್ನು ಬಿಟ್ಟು ಬೇರೆ ಪರೀಕ್ಷೆ ಮಾಡಿ. ಒಂದೇ ಹಿಮ್ಮಡಿಯ ಮೇಲೆ ಇಡೀ ಭಾರ ಹಾಕಿ: ಕೆಳಗಿನ ನೆಲ ಗಟ್ಟಿಯಾಗಿ ತಾಗಿದರೆ ಆ ಹಾಸು ನಿಮ್ಮ ತೂಕಕ್ಕೆ ಸಾಲದು. ಕಾಲೆತ್ತಿ ನೋಡಿ: ಕುಳಿ ಆಗಲೇ ತುಂಬಿಕೊಂಡಿದ್ದರೆ ಒಳ್ಳೆಯದು, ನಿಧಾನವಾಗಿ ಏಳುತ್ತಿದ್ದರೆ ಬೇಡ. ದಪ್ಪ ಸಾಮಾನ್ಯವಾಗಿ 10ರಿಂದ 20 ಮಿ.ಮೀ. ಒಳಗಿದ್ದರೆ ಸಾಕು. ಒಳ್ಳೆಯ ರಬ್ಬರಿನ 12 ಮಿ.ಮೀ. ಹಾಸು ಅಗ್ಗದ ಫೋಮಿನ 25 ಮಿ.ಮೀ. ಹಾಸಿಗಿಂತ ಮೇಲು ಎಂದು ನಾನು ಧೈರ್ಯವಾಗಿ ಹೇಳುತ್ತೇನೆ.

ಯಾವ ಪದಾರ್ಥದ್ದು ಎಂಬುದನ್ನು ನಿಮ್ಮ ಕೆಲಸವೇ ತೀರ್ಮಾನಿಸುತ್ತದೆ. ಮಕ್ಕಳ ಕೋಣೆಗೂ ಜಿಮ್ಮಿಗೂ ಹಾಸುವ, ಹಲ್ಲುಹಲ್ಲಾಗಿ ಜೋಡಿಸುವ ಬಣ್ಣದ ತುಂಡುಗಳು ಇವಿಎ ಫೋಮಿನವು. ಅಗ್ಗ, ಹಗುರ, ಒಣ ಮರಗೆಲಸಕ್ಕೆ ಒಂದೆರಡು ವರ್ಷ ನಡೆದೀತು. ಆದರೆ ಬಿಸಿಲಿಗೆ ಕುಗ್ಗಿ ಅಂಚು ಮೇಲೇಳುತ್ತದೆ, ಲೋಹದ ಚೂರು ಒಳಗೆ ಚುಚ್ಚಿಕೊಂಡು ಕೂರುತ್ತದೆ, ಗ್ರೈಂಡರಿನ ಕಿಡಿ ಬಿದ್ದಲ್ಲಿ ಕರಗಿ ತೂತಾಗುತ್ತದೆ. ಪಿವಿಸಿ ಫೋಮು ಇದಕ್ಕಿಂತ ಗಟ್ಟಿಮುಟ್ಟು, ಆದರೆ ಎಣ್ಣೆ ತಾಗುತ್ತಾ ಹೋದಂತೆ ಅದನ್ನು ಮೆದುವಾಗಿಟ್ಟ ರಾಸಾಯನಿಕ ಹೊರಬಂದು ಬಿರುಸಾಗುತ್ತದೆ. ನೈಸರ್ಗಿಕ ರಬ್ಬರಿನಷ್ಟು ಚೆನ್ನಾಗಿ ಚಿಮ್ಮುವ ಪದಾರ್ಥ ಕಡಿಮೆ. ಪೆಟ್ರೋಲು, ಡೀಸೆಲು, ಎಂಜಿನ್ ಆಯಿಲು ಮಾತ್ರ ಆ ರಬ್ಬರಿಗೆ ಶತ್ರು, ಹೀರಿಕೊಂಡು ಊದಿಕೊಳ್ಳುತ್ತದೆ. ಬೈಕು ಬಿಚ್ಚಿ ಜೋಡಿಸುವವರು, ಲೇತ್ ಇಟ್ಟುಕೊಂಡವರು ನೈಟ್ರೈಲ್ ರಬ್ಬರನ್ನೇ ಕೇಳಿ ಪಡೆಯಬೇಕು. ಬೆಲೆ ಹೆಚ್ಚು, ಆದರೆ ಎಣ್ಣೆಯ ಜಾಗದಲ್ಲಿ ಬಾಳುವುದು ಅದೇ. ವೆಲ್ಡಿಂಗ್ ಮಾಡುವ ಮೂಲೆಯಲ್ಲಿ ಯಾವ ಫೋಮೂ ಬೇಡ. ಅಲ್ಲಿ ಬರೀ ಸಿಮೆಂಟೇ ಸುರಕ್ಷಿತ.

ತೂತುಗಳಿರುವ ಹಾಸಿನಲ್ಲಿ ಎಣ್ಣೆಯೂ ಲೋಹದ ತುರಿಯೂ ಕೆಳಗಿಳಿದು ಮೇಲ್ಮೈ ಜಾರದೆ ಉಳಿಯುತ್ತದೆ. ಹಳೆಯ ಲೇತ್ ಕೆಲಸಗಾರರು ಮರದ ಪಟ್ಟಿಗಳನ್ನು ಸಂದುಬಿಟ್ಟು ಹೊಡೆದ ಹಲಗೆಯ ಮೇಲೆ ನಿಲ್ಲುತ್ತಿದ್ದುದಕ್ಕೂ ಇದೇ ಕಾರಣ. ಬಡಗಿ ಕೆಲಸಕ್ಕಾದರೆ ತೂತಿಲ್ಲದ, ಪೊರಕೆಯಲ್ಲಿ ಗುಡಿಸಲು ಬರುವ ಮೇಲ್ಮೈ ಮೇಲು. ತೂತಿನೊಳಗೆ ಬಿದ್ದ ಸಣ್ಣ ಸ್ಕ್ರೂ ಹುಡುಕುವುದೇ ಒಂದು ಕೆಲಸವಾಗುತ್ತದೆ. ಇನ್ನೊಂದು ಲಾಭವನ್ನು ಯಾರೂ ಜಾಹೀರಾತಿನಲ್ಲಿ ಹೇಳುವುದಿಲ್ಲ: ಕೈಜಾರಿದ ಉಳಿ ಸಿಮೆಂಟಿಗೆ ಬಿದ್ದರೆ ಬಾಯಿ ಮುರಿಯುತ್ತದೆ, ರಬ್ಬರಿಗೆ ಬಿದ್ದರೆ ಬಹುಪಾಲು ಉಳಿಯುತ್ತದೆ.

ನಮ್ಮ ಹಳ್ಳಿಗಳಲ್ಲಿ ಸುಲಭವಾಗಿ ಸಿಗುವುದು ಹಸುವಿನ ಮ್ಯಾಟು. ಹೈನುಗಾರಿಕೆಯಿರುವ ಊರುಗಳ ಎಷ್ಟೋ ಕೊಟ್ಟಿಗೆಗಳಲ್ಲಿ ಅದಿದೆ, ಗ್ಯಾರೇಜಿಗೂ ಹಾಸಬಹುದೇ ಎಂದು ಹಲವರು ಕೇಳುತ್ತಾರೆ. ಹಾಸಬಹುದು. ಹಸುವಿನ ಗೊರಸು, ಗಂಜಲ, ದಿನವೂ ನೀರು ಹೊಡೆದು ತೊಳೆಯುವುದು ಎಲ್ಲವನ್ನೂ ತಾಳಿಕೊಳ್ಳಲೆಂದೇ ಮಾಡಿದ ಗಟ್ಟಿ ರಬ್ಬರದು. ಆದರೆ ಅದು ಲೆಕ್ಕ ಹಾಕಿಕೊಂಡಿರುವುದು 400 ಕೆ.ಜಿ. ತೂಕದ ಪ್ರಾಣಿಯನ್ನು, 60 ಕೆ.ಜಿ. ಮನುಷ್ಯ ನಿಂತರೆ ಹೆಚ್ಚು ಬಗ್ಗುವುದಿಲ್ಲ. ಸಿಮೆಂಟಿನ ತಣ್ಣನೆಯೂ ಜಾರುವುದೂ ತಪ್ಪುತ್ತದೆ, ಉಳಿಯೂ ಉಳಿಯುತ್ತದೆ, ಕಾಲಿನ ದಣಿವು ಮಾತ್ರ ಸ್ವಲ್ಪವೇ ತಗ್ಗುತ್ತದೆ. 6 ಅಡಿ ಉದ್ದ, 4 ಅಡಿ ಅಗಲ, 18 ಮಿ.ಮೀ. ದಪ್ಪದ ರಬ್ಬರು 45 ಕೆ.ಜಿ. ಆಸುಪಾಸು ತೂಗುತ್ತದೆ ಎಂಬುದನ್ನೂ ನೆನಪಿಡಿ. ಆಗಾಗ ಎತ್ತಿ ಗುಡಿಸುವ ವಸ್ತುವಲ್ಲ.

ಇನ್ನೊಂದು ಗೊಂದಲವೂ ಇದೆ. ವಿದ್ಯುತ್ ಪ್ಯಾನಲ್ ಮುಂದೆ ಹಾಸುವ ರಬ್ಬರು ಬೇರೆಯೇ ವಸ್ತು. ಅದು ಐಎಸ್ 15652 ಎಂಬ ಭಾರತೀಯ ಮಾನಕಕ್ಕೆ ಒಳಪಟ್ಟದ್ದು, 2ರಿಂದ 3 ಮಿ.ಮೀ. ದಪ್ಪ, ಶಾಕ್ ತಡೆಯಲೆಂದೇ ಪರೀಕ್ಷೆಯಾದದ್ದು. ದಣಿವಿನ ಮ್ಯಾಟು ಆ ಕೆಲಸ ಮಾಡುತ್ತದೆಂದು ನಂಬಿ ಅದರ ಮೇಲೆ ನಿಂತು ವೈರು ಮುಟ್ಟಬಾರದು.

ಹಾಸುವ ಜಾಗದ ಬಗ್ಗೆ ಗಟ್ಟಿಯಾಗಿ ಹೇಳಬೇಕಾದ ಮಾತೆಂದರೆ ಜಾಕಿನದು. ಕಾರು ಎತ್ತುವ ಟ್ರಾಲಿ ಜಾಕು ಭಾರ ಏರಿದಂತೆ ತನ್ನ ಚಕ್ರಗಳ ಮೇಲೆ ಕೊಂಚ ಮುಂದೆ ಸರಿಯಲೇಬೇಕು. ಮೆತ್ತನೆಯ ಹಾಸಿನಲ್ಲಿ ಚಕ್ರ ಹೂತರೆ ಸರಿಯಲಾಗದೆ ಜಾಕು ವಾಲುತ್ತದೆ, ಕಾರು ಜಾರುತ್ತದೆ. ಕಾರಿಗೆ ಆಧಾರ ಕೊಡುವ ಸ್ಟ್ಯಾಂಡುಗಳೂ ಅಷ್ಟೆ, ಗಟ್ಟಿ ನೆಲದ ಮೇಲೇ ಇರಬೇಕು. ಇದರಲ್ಲಿ ರಾಜಿಯಿಲ್ಲ. ವಿದ್ಯುತ್ ಗರಗಸದ ಮುಂದೆ ಹಾಸುವುದಾದರೆ ಅದು ಕೂದಲೆಳೆಯಷ್ಟೂ ಜಾರಬಾರದು. ಹಾಸಿನಡಿ ಮರದ ಪುಡಿ ಸೇರಿದಾಗಲೇ ಅದು ಜಾರಲು ಶುರುವಾಗುವುದು, ಆದ್ದರಿಂದ ಎತ್ತಿ ಗುಡಿಸುವುದನ್ನು ರೂಢಿಸಿಕೊಳ್ಳಿ. ಅಂಚು ಇಳಿಜಾರಾಗಿರಲಿ, ನೇರವಾಗಿ ಕತ್ತರಿಸಿದ ಅಂಚು ಎಡವಿಸುತ್ತದೆ. ಉದ್ದ ಬೆಂಚಿನಷ್ಟೂ ಇದ್ದರೆ ಒಂದೆರಡು ಹೆಜ್ಜೆ ಆಚೀಚೆ ಸರಿಯಲು ಬರುತ್ತದೆ. ಒಂದು ಕಾಲು ಹಾಸಿನ ಮೇಲೆ, ಇನ್ನೊಂದು ನೆಲದ ಮೇಲೆ ನಿಂತರೆ ಸೊಂಟಕ್ಕೆ ಮೊದಲಿಗಿಂತ ಕೇಡು. ಹವಾಯಿ ಚಪ್ಪಲಿ ತಾನೇ ಮೆತ್ತಗಿರುತ್ತದೆ, ಅದರ ಕೆಳಗೆ ಮತ್ತೊಂದು ಮೆತ್ತೆ ಸೇರಿದರೆ ಕಾಲು ಹೊರಳೀತು; ಗಟ್ಟಿ ಅಟ್ಟೆಯ ಮುಚ್ಚಿದ ಶೂ ಹಾಕಿಕೊಂಡೇ ನಿಲ್ಲಿ.

ಎಷ್ಟು ಒಳ್ಳೆಯ ಹಾಸಾದರೂ ಕೂರುವುದಕ್ಕೆ ಬದಲಿಯಾಗುವುದಿಲ್ಲ. ನಿಂತು ದುಡಿಯುವ ಕಾರ್ಮಿಕರು ಅವಕಾಶ ಸಿಕ್ಕಾಗ ಕೂರಲು ಏರ್ಪಾಡಿರಬೇಕೆಂದು 1948ರ ಕಾರ್ಖಾನೆ ಕಾಯ್ದೆಯ 44ನೆಯ ಸೆಕ್ಷನ್ನೇ ಹೇಳಿತ್ತು. ಬಟ್ಟೆ ಅಂಗಡಿಗಳಲ್ಲಿ ದಿನವಿಡೀ ನಿಲ್ಲುತ್ತಿದ್ದ ಹೆಣ್ಣುಮಕ್ಕಳ ಹೋರಾಟದ ಫಲವಾಗಿ ಕೇರಳ 2018ರಲ್ಲಿ ಅಂಗಡಿ ನೌಕರರಿಗೂ ಆ ಹಕ್ಕು ಕೊಟ್ಟಿತು, ತಮಿಳುನಾಡು 2021ರಲ್ಲಿ. ಮನೆಯ ಕೆಲಸದ ಕೋಣೆಗೆ ಕಾಯ್ದೆಯಿಲ್ಲ, ಅಲ್ಲಿ ಎತ್ತರದ ಸ್ಟೂಲೊಂದನ್ನು ನಾವೇ ಇಟ್ಟುಕೊಳ್ಳಬೇಕು. ಬೆಂಚಿನಡಿ ನಾಲ್ಕೈದು ಇಂಚು ಎತ್ತರದ ಮರದ ತುಂಡೊಂದಿದ್ದರೆ ಆಗಾಗ ಕಾಲು ಬದಲಿಸಿ ಏರಿಸಿಕೊಳ್ಳಬಹುದು. ಸೊಂಟಕ್ಕೆ ಇದರಿಂದ ಸಿಗುವ ಆರಾಮ ಹಾಸಿನದಕ್ಕಿಂತ ಕಡಿಮೆಯಲ್ಲ, ಖರ್ಚೂ ಇಲ್ಲ.

ಮಲೆನಾಡು, ಕರಾವಳಿಯ ಮಳೆಗಾಲದಲ್ಲಿ ಹಾಸಿನಡಿ ತೇವ ಕಟ್ಟಿ ಬೂಸ್ಟು ಹಿಡಿಯುತ್ತದೆ. ವಾರಕ್ಕೊಮ್ಮೆ ಎತ್ತಿ ಗೋಡೆಗೆ ಒರಗಿಸಿ ಒಣಗಿಸಬೇಕು. ಕಪ್ಪು ರಬ್ಬರು ಎಪಾಕ್ಸಿ ಮತ್ತು ವಿನೈಲ್ ನೆಲದ ಮೇಲೆ ಕಂದು ಕಲೆ ಬಿಡುತ್ತದೆ, ಒರೆಸಿದರೆ ಹೋಗುವುದಿಲ್ಲ. ಒಂದೇ ಜಾಗದಲ್ಲಿ ನಿಂತು ತಗ್ಗಾಗದಂತೆ ತಿಂಗಳಿಗೊಮ್ಮೆ ತಲೆಕಡೆ ಕಾಲುಕಡೆ ಬದಲಿಸಿ ಹಾಸಿ. ಹಿಮ್ಮಡಿ ಊರಿದ ಕುಳಿ ರಾತ್ರಿ ಕಳೆದರೂ ತುಂಬದಿದ್ದರೆ ಆ ಹಾಸಿನ ಆಯಸ್ಸು ಮುಗಿಯಿತು. ಹೆಚ್ಚು ತುಳಿತಕ್ಕೆ ಸಿಗದ ಅಂಚಿನ ಭಾಗವನ್ನು ಕತ್ತರಿಸಿಟ್ಟುಕೊಂಡರೆ ಸ್ಕೂಟರಿನ ಚಕ್ರ ಬಿಚ್ಚುವಾಗ ಮಂಡಿಯೂರಲು ಆದೀತು.