ನಿಮಗಿದು ಗೊತ್ತೆ? ಗೋಡೆಗೇರಿದ ಹಳೆ ಬೆಂಗಳೂರು

ಕಬ್ಬನ್ ಪಾರ್ಕ್, ಲಾಲ್‌ಬಾಗ್, ದಂಡು ಪ್ರದೇಶದ ಬೀದಿಗಳ ನೂರು ವರ್ಷದ ಹಿಂದಿನ ಚಿತ್ರಗಳು ಈಗ ಚೌಕಟ್ಟಿನೊಳಗೆ ಕುಳಿತು ಮನೆಯ ಗೋಡೆಗೇರುತ್ತಿವೆ. ಇವುಗಳಲ್ಲಿ ಬಹಳಷ್ಟು ಅಂಗೈಯಗಲದ ಪೋಸ್ಟ್‌ಕಾರ್ಡುಗಳಾಗಿದ್ದವು. ಮದರಾಸಿನ ಹಿಗ್ಗಿನ್‌ಬಾಥಮ್ಸ್, ವೀಲೆ ಅಂಡ್ ಕ್ಲೈನ್ ಸಂಸ್ಥೆಗಳು ಅಂಥವನ್ನು ಹೊರತಂದಿದ್ದವು. 2018ರಲ್ಲಿ ಲಂಡನ್ನಿನ ಬ್ರೂನೆ ಗ್ಯಾಲರಿಯಲ್ಲಿ ಮದರಾಸು, ಬೆಂಗಳೂರಿನ ಕಾರ್ಡುಗಳದ್ದೇ ಒಂದು ಪ್ರದರ್ಶನ ನಡೆಯಿತು.

ಚಿತ್ರದಲ್ಲಿನ ಬಣ್ಣವನ್ನು ಮಾತ್ರ ಪೂರ್ತಿ ನಂಬಬೇಡಿ! ಫೋಟೊ ಕಪ್ಪು-ಬಿಳುಪಿನದು, ಬಣ್ಣ ಆಮೇಲೆ ಸೇರಿಸಿದ್ದು. ಆ ಕಾಲದ ಎಷ್ಟೋ ಕಾರ್ಡುಗಳು ಜರ್ಮನಿಯಲ್ಲಿ ಅಚ್ಚಾದವು. ಊರನ್ನೇ ಕಾಣದವರು ಮರಕ್ಕೆ, ಸೀರೆಗೆ ಬಣ್ಣ ಹಚ್ಚಿದ್ದೂ ಉಂಟು.

ಕಾರ್ಡಿನ ವಯಸ್ಸು ತಿಳಿಯಲು ಹಿಂಬದಿ ನೋಡಿ. ವಿಳಾಸದ ಪಕ್ಕದಲ್ಲೇ ಒಕ್ಕಣೆ ಬರೆಯಲು ಬ್ರಿಟನ್ ಅನುಮತಿಸಿದ್ದು 1902ರಲ್ಲಿ. ಅದಕ್ಕೂ ಮೊದಲು ಹಿಂಬದಿ ವಿಳಾಸಕ್ಕಷ್ಟೇ ಮೀಸಲು. ಕುಶಲವನ್ನು ಚಿತ್ರದ ಅಂಚಿನಲ್ಲೇ ಗೀಚಬೇಕಿತ್ತು. ನಡುವೆ ಗೆರೆ ಇಲ್ಲದ ಕಾರ್ಡು ಸಾಮಾನ್ಯವಾಗಿ ಹಳೆಯದು.

ಐದೂವರೆ ಇಂಚಿನ ಕಾರ್ಡನ್ನು ಎ3 ಅಳತೆಗೆ ಹಿಗ್ಗಿಸಿದರೆ ಮೂರು ಪಟ್ಟು ದೊಡ್ಡದಾಗುತ್ತದೆ. ಹಾಗಾಗಿ ಇಂಚಿಗೆ 900 ಚುಕ್ಕಿಯಾದರೂ ಇರುವಂತೆ ಸ್ಕ್ಯಾನ್ ಮಾಡಿಸುವುದು ಒಳ್ಳೆಯದು. ಕಲೆ, ಮಡಿಕೆಗಳನ್ನು ಕಂಪ್ಯೂಟರಿನಲ್ಲಿ ಅಳಿಸಬಹುದು. ಅಂಚೆ ಮುದ್ರೆಯನ್ನೂ ಕೈಬರಹವನ್ನೂ ಅಳಿಸಿಬಿಟ್ಟರೆ ನನಗಂತೂ ಸಂಕಟವಾಗುತ್ತದೆ. ಕಾರ್ಡಿನ ಜೀವ ಇರುವುದೇ ಅಲ್ಲಿ.

ಭಾರತದಲ್ಲಿ 2012ರವರೆಗೆ ಫೋಟೊದ ಹಕ್ಕುಸ್ವಾಮ್ಯ ಪ್ರಕಟವಾದ 60 ವರ್ಷಕ್ಕೆ ಮುಗಿಯುತ್ತಿತ್ತು; ಹಾಗಾಗಿ ನೂರು ವರ್ಷದ ಹಿಂದಿನ ಕಾರ್ಡುಗಳನ್ನು ಅಚ್ಚು ಹಾಕಿಸಲು ಸಾಮಾನ್ಯವಾಗಿ ತೊಡಕಿಲ್ಲ. ದೇವನಹಳ್ಳಿ ಕೋಟೆಯದೋ ದೊಡ್ಡಬಳ್ಳಾಪುರದ ಬೀದಿಯದೋ ಹಳೆಯ ಕಾರ್ಡು ನಿಮ್ಮ ಟ್ರಂಕಿನಲ್ಲಿದ್ದರೆ ಮೊದಲು ಎರಡೂ ಬದಿ ಸ್ಕ್ಯಾನ್ ಮಾಡಿಸಿ, ಅಸಲನ್ನು ಬಿಸಿಲಿಗೆ ಒಡ್ಡದೆ ಎತ್ತಿಡಿ.