ಚಾಳೀಸಿಲ್ಲದೆ ಪೋಣಿಸಿದ ಸೂಜಿ

ಎಪ್ಪತ್ತೆರಡರ ನಮ್ಮವ್ವ ಒಂದು ಮಧ್ಯಾಹ್ನ ಕೌದಿ ಹೊಲಿಯುತ್ತ ಕೂತವಳು ಚಾಳೀಸು ತೆಗೆದಿಟ್ಟು ಬರಿಗಣ್ಣಲ್ಲೇ ಸೂಜಿಗೆ ದಾರ ಪೋಣಿಸಿಬಿಟ್ಟಳು. “ಕಣ್ಣು ಮತ್ತ ಬಂದಾವ ನೋಡವಾ” ಎಂದು ಹಿಗ್ಗಿದಳು. ಹಲಗೇರಿಯ ನಮ್ಮ ಓಣಿಗೆಲ್ಲ ಅದೇ ಸುದ್ದಿ. ಆ ಹಿಗ್ಗಿನಲ್ಲೇ ಏಳು ತಿಂಗಳು ಕಳೆದೆವು. ನೆನೆದರೆ ಈಗಲೂ ಸಂಕಟವಾಗುತ್ತದೆ.

ಮುಪ್ಪಿನಲ್ಲಿ ಹತ್ತಿರದ ನೋಟ ಹೀಗೆ ಮರಳಿದರೆ ಬಹಳ ಸಲ ಅದು ಪೊರೆಯ ಸುಳಿವು. ಕಣ್ಣೊಳಗಿನ ಮಸೂರದ ನಡುಭಾಗ ಗಟ್ಟಿಯಾಗುತ್ತ ಬೆಳಕನ್ನು ಹೆಚ್ಚು ಬಾಗಿಸುತ್ತದೆ. ಹತ್ತಿರದ್ದು ಚೊಕ್ಕ ಕಾಣುತ್ತದೆ, ದೂರದ್ದು ಮಸುಕಾಗುತ್ತದೆ. ಅವ್ವ ತಂಬಿಗೆಯ ನೀರನ್ನು ಲೋಟದ ಪಕ್ಕಕ್ಕೆ ಸುರಿಯುತ್ತಿದ್ದಳು, ಸಂಜೆಯಾದರೆ ಹೊಸ್ತಿಲು ಎಡವುತ್ತಿದ್ದಳು. ವಯಸ್ಸಾಯಿತು ಎಂದು ಬಿಟ್ಟಿದ್ದೆವು.

ಕೊನೆಗೆ ರಾಣೆಬೆನ್ನೂರಿಗೆ ಕರೆದೊಯ್ದೆ. “ನನಗ ಅಕ್ಷರ ಬರಂಗಿಲ್ರಿ” ಎಂದು ಅವ್ವ ಬಾಗಿಲಲ್ಲೇ ಹಿಂಜರಿದಳು. “ಓದೂದು ಬ್ಯಾಡ ಯವ್ವಾ, ಕಾಲು ಯಾವ ಕಡೆ ಅದಾವ ಕೈಮಾಡಿ ತೋರ್ಸು” ಎಂದರು ಕಣ್ಣು ಪರೀಕ್ಷಿಸುವವರು. ಆರು ಮೀಟರ್ ದೂರದ ಫಲಕದಲ್ಲಿ ಮೂರು ಕಾಲಿನ ಇಂಗ್ಲಿಷ್ ‘ಇ’ ಅಕ್ಷರ ಮೇಲೆ, ಕೆಳಗೆ, ಎಡಕ್ಕೆ, ಬಲಕ್ಕೆ ಮುಖ ಮಾಡಿ ಸಾಲುಸಾಲಾಗಿತ್ತು. ಎರಡೂ ಕಣ್ಣು ತೆರೆದು ಅವ್ವ ಸರಾಗ ತೋರಿಸಿದಳು. ಎಡಗಣ್ಣು ಮುಚ್ಚಿದಾಗಲೂ 6/9. ಬಲಗಣ್ಣು ಮುಚ್ಚಿಸಿದರು. “ಅಯ್ಯ, ಎಲ್ಲಿ ಹ್ವಾದ್ವು?” ಎಂದಳು. ಕಂಡದ್ದು ಎಲ್ಲಕ್ಕಿಂತ ಮೇಲಿನ ಒಂದೇ ಅಕ್ಷರ, ಅಂದರೆ 6/60: ಒಳ್ಳೆಯ ಕಣ್ಣಿಗೆ 60 ಮೀಟರ್‌ನಿಂದ ಕಾಣುವುದು ಆ ಕಣ್ಣಿಗೆ 6 ಮೀಟರ್‌ಗೆ ಬಂದರಷ್ಟೇ ಕಾಣುತ್ತದೆ. ಒಳ್ಳೆಯ ಕಣ್ಣು ಕೆಟ್ಟದ್ದನ್ನು ಮುಚ್ಚಿಟ್ಟುಕೊಂಡು ಸಂಸಾರ ತೂಗಿಸಿತ್ತು.

ಆಮೇಲೆ ಸಣ್ಣ ತೂತಿನ ತಟ್ಟೆಯಲ್ಲಿ ಇಣುಕಿಸಿದರು. ಅದರಲ್ಲಿ ನೋಟ ಚೊಕ್ಕವಾದರೆ ಚಸ್ಮಾದಿಂದ ಸರಿಹೋಗುವ ಸಾಧ್ಯತೆ ಹೆಚ್ಚು. ಅವ್ವ ಒಂದೆರಡು ಸಾಲು ಮಾತ್ರ ಇಳಿದಳು. ಟಾರ್ಚು ಹಾಕಿ ನೋಡಿದಾಗ ಪೊರೆ ಕಂಡಿತು.

“ಇನ್ನೂ ಹಣ್ಣಾಗ್ಲಿ ಬಿಡ್ರಿ” ಎಂದಳು ಅವ್ವ. ಅದು ಹಳೆಯ ಕಾಲದ ಮಾತು. ಬೀಳಗಿಯಲ್ಲಿ ಹುಟ್ಟಿದ ಡಾ. ಎಂ. ಸಿ. ಮೋದಿಯವರು ಊರೂರಿಗೆ ಶಿಬಿರ ಒಯ್ದು ಸಾವಿರಾರು ಬಡವರಿಗೆ ಕಣ್ಣು ಕೊಟ್ಟ ದಿನಗಳಲ್ಲಿ ಪೊರೆ ತೆಗೆದ ಮೇಲೆ ದಪ್ಪ ಗಾಜಿನ ಚಸ್ಮಾ ಬೇಕಾಗುತ್ತಿತ್ತು. ಈಗ ಒಳಗೇ ಕೃತಕ ಮಸೂರ ಕೂರಿಸುತ್ತಾರೆ, ಹಣ್ಣಾಗುವವರೆಗೆ ಕಾಯಬೇಕಿಲ್ಲ. ಹೆಚ್ಚು ಗಟ್ಟಿಯಾದಷ್ಟೂ ತೆಗೆಯುವುದು ಕಷ್ಟ.

ಫಲಕ ಒಂದನ್ನೇ ನಂಬಬಾರದು. ಗ್ಲಾಕೋಮಾ ಮೊದಲು ಅಂಚಿನ ನೋಟವನ್ನು ತಿನ್ನುತ್ತದೆ. ಕೊನೆಯ ಸಾಲಿನವರೆಗೂ ತೋರಿಸಿದವರಲ್ಲೂ ಅದು ಇರಬಹುದು. ಕಣ್ಣಿನ ಒತ್ತಡ ಅಳೆದು, ಒಳಗಿನ ನರ ನೋಡಿದರೇ ಗೊತ್ತಾಗುವುದು. ಹೋದ ನೋಟ ಮರಳಿ ಬಾರದು. ಸಕ್ಕರೆ ಕಾಯಿಲೆ ಇದ್ದವರು ಕಣ್ಣು ಚೆನ್ನಾಗಿ ಕಂಡರೂ ವರ್ಷಕ್ಕೊಮ್ಮೆ ಹನಿ ಹಾಕಿಸಿ ಅಕ್ಷಿಪಟಲ ತೋರಿಸಲೇಬೇಕು.

ಬ್ಯಾಡಗಿಯಲ್ಲಿ ಮೆಣಸಿನಕಾಯಿ ತುಂಬು ಬಿಡಿಸುವ ಅಜ್ಜಿಯರಿಗೆ, ಹೊಲದ ಬದುವಿನಲ್ಲಿ ಕೂತ ಅಜ್ಜಂದಿರಿಗೆ “ಕಣ್ಣು ಕಾಣ್ತಾವೇನು?” ಎಂದು ಕೇಳಿದರೆ “ಹ್ಞೂಂ” ಎಂದೇ ಹೇಳುತ್ತಾರೆ. ಕೇಳಬೇಡಿ. ಬಾಗಿಲಲ್ಲಿ ಕೂರಿಸಿ, ಅಂಗೈಯಿಂದ ಒತ್ತದಂತೆ ಒಂದು ಕಣ್ಣು ಮುಚ್ಚಿಸಿ, ಎದುರು ಮನೆಯವರು ಎಷ್ಟು ಬೆರಳು ತೋರಿಸುತ್ತಿದ್ದಾರೆಂದು ಹೇಳಿಸಿ. ಆಮೇಲೆ ಇನ್ನೊಂದು ಕಣ್ಣು. ಎರಡಕ್ಕೂ ವ್ಯತ್ಯಾಸ ಕಂಡರೆ ಆ ವಾರವೇ ಆಸ್ಪತ್ರೆಗೆ ಕರೆದೊಯ್ಯಿರಿ. ನನ್ನ ಹಾಗೆ ಏಳು ತಿಂಗಳು ಕಾಯಬೇಡಿ.